ವಿದೇಶಿ ವಿದ್ಯಾರ್ಥಿಗಳ ಲೆಕ್ಕ ನೋಡಿ ದೇಶ ಆರಿಸುವವರಿಗೆ: ಅಂಕಿಗಳನ್ನು ತಾಳೆ ಹಾಕುವುದು ಹೇಗೆ?

"ಯಾವ ದೇಶಕ್ಕೆ ಜಾಸ್ತಿ ಮಕ್ಕಳು ಹೋಗ್ತಿದ್ದಾರೆ ಹೇಳಿ ಸಾರ್, ನಾವೂ ಅಲ್ಲಿಗೇ ಕಳಿಸ್ತೀವಿ." ತುಮಕೂರು, ಗುಬ್ಬಿ, ತಿಪಟೂರು, ಶಿರಾ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಮಗಳು ಬಿ.ಇ. ಕೊನೆ ವರ್ಷದಲ್ಲಿರುತ್ತಾಳೆ, ಎಂಎಸ್ ಮಾಡಬೇಕು ಅನ್ನುತ್ತಾಳೆ. ಮನೆಯಲ್ಲಿ ಯಾರೂ ಹೊರದೇಶ ನೋಡಿದವರಲ್ಲ. ಹತ್ತು ಜನ ಹೋದ ದಾರಿ ಸುರಕ್ಷಿತ ಅನ್ನಿಸುವುದು ಸಹಜ.

ಆದರೆ ಈ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರೆ ನಿಮಗೆ ಮೋಸ ಮಾಡಿದಂತೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕೈಗೆ ಸಿಗುವ ಕನ್ಸಲ್ಟೆನ್ಸಿ ಕರಪತ್ರಗಳನ್ನೇ ನೋಡಿ. "ಅಮೆರಿಕ 11 ಲಕ್ಷ, ಕೆನಡಾ 10 ಲಕ್ಷ, ಆಸ್ಟ್ರೇಲಿಯಾ 8 ಲಕ್ಷ, ಬ್ರಿಟನ್ 7 ಲಕ್ಷ, ಜರ್ಮನಿ 4 ಲಕ್ಷ" ಅಂತ ಬಣ್ಣ ಬಣ್ಣದ ಕಂಬಗಳಲ್ಲಿ ಹಾಕಿರುತ್ತಾರೆ. ಅಂಕಿಗಳು ಸುಳ್ಳಲ್ಲ. ಅವುಗಳನ್ನು ಅಕ್ಕಪಕ್ಕ ನಿಲ್ಲಿಸಿರುವುದೇ ತಪ್ಪು. ಒಂದೊಂದು ದೇಶ ಒಂದೊಂದು ರೀತಿ ಎಣಿಸುತ್ತದೆ. ಅಮೆರಿಕ ಓದು ಮುಗಿಸಿ ಕೆಲಸ ಮಾಡುತ್ತಿರುವವರನ್ನೂ ಸೇರಿಸುತ್ತದೆ, ಕೆನಡಾ ಶಾಲಾ ಮಕ್ಕಳನ್ನೂ ಸೇರಿಸುತ್ತದೆ, ಜರ್ಮನಿ ಇವರಿಬ್ಬರನ್ನೂ ಬಿಡುತ್ತದೆ. ತೋಟ ಅಡ ಇಟ್ಟೋ ಸೈಟು ಮಾರಿಯೋ ಹಣ ಹೊಂದಿಸುವ ಮನೆಯವರು ಇದನ್ನು ತಿಳಿದುಕೊಂಡೇ ಮುಂದೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಈ ಮಾರ್ಗದರ್ಶಿ.

ಏನೇನು ಬೇಕು?

ಒಂದು ನೋಟ್‌ಬುಕ್, ಇಂಟರ್‌ನೆಟ್ ಇರುವ ಫೋನು, ಭಾಗಾಕಾರ ಮಾಡಲು ಕ್ಯಾಲ್ಕ್ಯುಲೇಟರ್. ಇಂಗ್ಲಿಷ್ ಓದಲು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದೆ ಹೇಳುವ ಮೂಲಗಳೆಲ್ಲ ಉಚಿತ. ಇವಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ನೋಟ್‌ಬುಕ್‌ನ ಎರಡು ಪುಟ ಬಿಡಿಸಿ, ಉದ್ದಕ್ಕೆ ಏಳು ಅಂಕಣ ಗೆರೆ ಹಾಕಿ. ದೇಶ, ಲೆಕ್ಕ ಇಟ್ಟವರು, ವರ್ಷ, ಯಾರನ್ನು ಎಣಿಸಿದ್ದಾರೆ, ಒಟ್ಟು, ಶೇಕಡಾ, ಅದರಲ್ಲಿ ಭಾರತದವರು. ಕರಪತ್ರದಲ್ಲಿ ಸಾಮಾನ್ಯವಾಗಿ ಮೊದಲನೆಯದು ಮತ್ತು ಐದನೆಯದು ಮಾತ್ರ ಇರುತ್ತವೆ. ಉಳಿದ ಐದನ್ನು ತುಂಬುವುದೇ ನಮ್ಮ ಕೆಲಸ.

ಹಂತ 1: ನಿಮ್ಮ ಪ್ರಶ್ನೆಯನ್ನು ಸಣ್ಣದು ಮಾಡಿ

"ಯಾವ ದೇಶ ಒಳ್ಳೆಯದು?" ಅನ್ನುವ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಇಲ್ಲ. "ಮೆಕ್ಯಾನಿಕಲ್ ಮುಗಿಸಿದವರು ಎರಡು ವರ್ಷದ ಮಾಸ್ಟರ್ಸ್‌ಗೆ ಎಲ್ಲಿಗೆ ಹೋಗುತ್ತಿದ್ದಾರೆ?" ಅನ್ನುವುದಕ್ಕೆ ಇದೆ. ಪುಟದ ಮೇಲೆ ಮೂರು ವಿಷಯ ಬರೆದುಕೊಳ್ಳಿ: ಯಾವ ಮಟ್ಟ (ಪದವಿ, ಮಾಸ್ಟರ್ಸ್, ಪಿಎಚ್‌ಡಿ, ಡಿಪ್ಲೊಮಾ), ಯಾವ ವಿಷಯ, ಯಾವ ವರ್ಷ ಸೇರಬೇಕು. ಮುಂದಿನ ಪ್ರತಿ ಹಂತದಲ್ಲೂ ಇದನ್ನು ತಿರುಗಿ ನೋಡಬೇಕಾಗುತ್ತದೆ.

ಹಂತ 2: ಲೆಕ್ಕ ಇಟ್ಟವರು ಯಾರು ಅಂತ ಹುಡುಕಿ

ಜಗತ್ತಿನ ಒಟ್ಟು ಲೆಕ್ಕ ಇಡುವುದು ಯುನೆಸ್ಕೋದ ಅಂಕಿಅಂಶ ಸಂಸ್ಥೆ. ಅದರ ಪ್ರಕಾರ 2022ರಲ್ಲಿ ಸುಮಾರು 69 ಲಕ್ಷ ಮಕ್ಕಳು ತಮ್ಮ ದೇಶ ಬಿಟ್ಟು ಬೇರೆ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದರು. 2000ದ ಹೊತ್ತಿಗೆ ಇದು 20 ಲಕ್ಷದ ಆಸುಪಾಸಿನಲ್ಲಿತ್ತು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಕೂಡ ಪ್ರತಿ ವರ್ಷ ಶಿಕ್ಷಣದ ಬಗ್ಗೆ ದೊಡ್ಡ ವರದಿ ತರುತ್ತದೆ. ದೇಶ ದೇಶಗಳನ್ನು ಒಂದೇ ಅಳತೆಯಲ್ಲಿ ಹೋಲಿಸಬೇಕಾದರೆ ಇವೆರಡೇ ನಂಬಿಕೆಯ ಮೂಲ. ತೊಂದರೆ ಏನೆಂದರೆ ಇವು ಒಂದೆರಡು ವರ್ಷ ಹಿಂದೆ ಬಿದ್ದಿರುತ್ತವೆ. ಇಂದಿನ ಸ್ಥಿತಿ ತಿಳಿಯಬೇಕಾದರೆ ಆಯಾ ದೇಶದ ಲೆಕ್ಕವನ್ನೇ ನೋಡಬೇಕು.

ಅಮೆರಿಕಕ್ಕೆ "ಓಪನ್ ಡೋರ್ಸ್" (Open Doors) ಅನ್ನುವ ವರದಿ ಇದೆ. 1919ರಲ್ಲಿ ಶುರುವಾದ ಐಐಇ ಅನ್ನುವ ಸಂಸ್ಥೆ ಅದನ್ನು ಪ್ರತಿ ನವೆಂಬರ್‌ನಲ್ಲಿ ತರುತ್ತದೆ. ಬ್ರಿಟನ್ನಿಗೆ "ಹೆಸಾ" (HESA) ಅನ್ನುವ ಉನ್ನತ ಶಿಕ್ಷಣದ ಅಂಕಿಅಂಶ ಸಂಸ್ಥೆ, ಕೆನಡಾಗೆ ಅಲ್ಲಿನ ವಲಸೆ ಇಲಾಖೆ, ಆಸ್ಟ್ರೇಲಿಯಾಗೆ ಅಲ್ಲಿನ ಶಿಕ್ಷಣ ಇಲಾಖೆ, ಜರ್ಮನಿಗೆ "ಡಾಡ್" (DAAD) ಅಂತ ಕರೆಯುವ ವಿದ್ಯಾರ್ಥಿ ವಿನಿಮಯ ಸಂಸ್ಥೆ. ಈ ಹೆಸರುಗಳನ್ನು ಗೂಗಲ್‌ನಲ್ಲಿ ಹಾಕಿ, ಪಕ್ಕದಲ್ಲಿ ಇಂಡಿಯಾ ಅಂತ ಸೇರಿಸಿದರೆ ಸಾಕು.

ಎಚ್ಚರಿಕೆ: ಮೂಲ ಬರೆಯದ ಅಂಕಿಯನ್ನು ನೋಟ್‌ಬುಕ್‌ಗೆ ಇಳಿಸಬೇಡಿ. "ಇದು ಯಾರ ಲೆಕ್ಕ, ಯಾವ ವರ್ಷದ್ದು?" ಅಂತ ಕನ್ಸಲ್ಟೆನ್ಸಿಯವರನ್ನು ನೇರವಾಗಿ ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ದುಡ್ಡು ನಿಮ್ಮದು.

ಹಂತ 3: ಯಾರನ್ನು "ವಿದ್ಯಾರ್ಥಿ" ಅಂತ ಎಣಿಸಿದ್ದಾರೆ?

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ನಿಧಾನವಾಗಿ ಓದಿ.

ಅಮೆರಿಕದಿಂದ ಶುರು ಮಾಡೋಣ. ಓಪನ್ ಡೋರ್ಸ್ ಪ್ರಕಾರ 2023-24ರಲ್ಲಿ ಅಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 11,26,690. ಇದರಲ್ಲಿ 2,42,782 ಜನ ತರಗತಿಯಲ್ಲಿ ಕೂತು ಓದುತ್ತಿರಲಿಲ್ಲ. ಅವರು ಓಪಿಟಿಯಲ್ಲಿದ್ದರು. ಓಪಿಟಿ ಅಂದರೆ ಓದು ಮುಗಿದ ಮೇಲೆ ಅದೇ ವಿದ್ಯಾರ್ಥಿ ವೀಸಾದಲ್ಲಿ ಕೆಲಸ ಮಾಡಲು ಸಿಗುವ ಅವಕಾಶ. ಸಾಮಾನ್ಯವಾಗಿ 12 ತಿಂಗಳು ಇರುತ್ತದೆ. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಹೀಗಾಗಿ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನಿಮ್ಮ ಪಕ್ಕದ ಮನೆ ಹುಡುಗ ಕೂಡ ಆ 11 ಲಕ್ಷದಲ್ಲಿ ಒಬ್ಬ "ವಿದ್ಯಾರ್ಥಿ". ಅವರನ್ನು ತೆಗೆದರೆ ಉಳಿಯುವುದು ಸುಮಾರು 8.84 ಲಕ್ಷ.

ಅದೇ ಹುಡುಗ ಕೆನಡಾದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದರೆ? ಅಲ್ಲಿ ಅವನ ಕೈಯಲ್ಲಿರುವುದು ಕೆಲಸದ ಪರ್ಮಿಟ್. ಕೆನಡಾ ಎಣಿಸುವುದು ಸ್ಟಡಿ ಪರ್ಮಿಟ್, ಅಂದರೆ ಓದಲು ಕೊಡುವ ಅನುಮತಿ ಇದ್ದವರನ್ನು. ಆ ಲೆಕ್ಕದಿಂದ ಅವನು ಹೊರಗೆ. ಬ್ರಿಟನ್ನಿನಲ್ಲೂ ಅಷ್ಟೇ. ಓದಿನ ನಂತರ ಗ್ರ್ಯಾಜುಯೇಟ್ ರೂಟ್ ಅನ್ನುವ ವೀಸಾಗೆ ಹೋದವರನ್ನು ವಿಶ್ವವಿದ್ಯಾಲಯದ ದಾಖಲಾತಿಯಲ್ಲಿ ಎಣಿಸುವುದಿಲ್ಲ. ಒಬ್ಬನೇ ಮನುಷ್ಯ, ಒಂದೇ ಥರದ ಕೆಲಸ. ಒಂದು ದೇಶದಲ್ಲಿ ವಿದ್ಯಾರ್ಥಿ, ಇನ್ನೊಂದರಲ್ಲಿ ಅಲ್ಲ.

ಕೆನಡಾದ ಲೆಕ್ಕದಲ್ಲಿ ಬೇರೆ ಥರದ ಉಬ್ಬರ ಇದೆ. 2023ರ ಕೊನೆಗೆ ಅಲ್ಲಿ ಸ್ಟಡಿ ಪರ್ಮಿಟ್ ಇದ್ದವರು 10 ಲಕ್ಷ ದಾಟಿದ್ದರು, ಅದರಲ್ಲಿ ಸುಮಾರು 4.27 ಲಕ್ಷ ನಮ್ಮವರು. ಆದರೆ ಸ್ಟಡಿ ಪರ್ಮಿಟ್ ವಿಶ್ವವಿದ್ಯಾಲಯಕ್ಕೆ ಮಾತ್ರ ಕೊಡುವುದಲ್ಲ. ಹೈಸ್ಕೂಲಿಗೂ, ಭಾಷೆ ಕಲಿಸುವ ಶಾಲೆಗೂ, ಡಿಪ್ಲೊಮಾ ಕೊಡುವ ಕಾಲೇಜಿಗೂ ಅದೇ. ಇನ್ನೊಂದು ಮಾತು. ಕೆನಡಾದಲ್ಲಿ "ಕಾಲೇಜು" ಅಂದರೆ ನಮ್ಮ ಡಿಗ್ರಿ ಕಾಲೇಜಿನ ಅರ್ಥವಲ್ಲ, ಹೆಚ್ಚಾಗಿ ನಮ್ಮ ಪಾಲಿಟೆಕ್ನಿಕ್‌ಗೆ ಹತ್ತಿರ. ಭಾರತದಿಂದ ಹೋದವರಲ್ಲಿ ಬಹಳ ಜನ ಸೇರಿದ್ದು ಇಂಥ ಕಾಲೇಜುಗಳಿಗೆ. ಮಾಸ್ಟರ್ಸ್ ಮಾಡಬೇಕು ಅನ್ನುವ ಇಂಜಿನಿಯರ್‌ಗೆ ಆ 4.27 ಲಕ್ಷದಿಂದ ಹೆಚ್ಚಿನ ಸುಳಿವು ಸಿಗುವುದಿಲ್ಲ.

ಆಸ್ಟ್ರೇಲಿಯಾ ಎರಡು ಅಂಕಿ ಕೊಡುತ್ತದೆ: ವಿದ್ಯಾರ್ಥಿಗಳು ಎಷ್ಟು, ದಾಖಲಾತಿಗಳು ಎಷ್ಟು. 2024ರಲ್ಲಿ ವಿದ್ಯಾರ್ಥಿಗಳು ಸುಮಾರು 8.5 ಲಕ್ಷ, ದಾಖಲಾತಿಗಳು ಸುಮಾರು 11 ಲಕ್ಷ. ಒಬ್ಬ ಹುಡುಗಿ ಮೊದಲು ಇಂಗ್ಲಿಷ್ ಕೋರ್ಸ್, ಆಮೇಲೆ ಡಿಪ್ಲೊಮಾ, ಆಮೇಲೆ ಪದವಿ ಅಂತ ಒಂದೇ ವರ್ಷದಲ್ಲಿ ಮೂರು ಕಡೆ ಹೆಸರು ಬರೆಸಿದರೆ ಎರಡನೇ ಪಟ್ಟಿಯಲ್ಲಿ ಮೂರು ಸಲ ಬರುತ್ತಾಳೆ. ದೊಡ್ಡ ಅಂಕಿ ಬೇಕಾದವರು ಎರಡನೆಯದನ್ನು ಎತ್ತಿಕೊಳ್ಳುತ್ತಾರೆ. ಆ 8.5 ಲಕ್ಷದಲ್ಲೂ ಉನ್ನತ ಶಿಕ್ಷಣದವರು ಹೆಚ್ಚುಕಮ್ಮಿ ಅರ್ಧ ಮಾತ್ರ. ಉಳಿದವರು ವೃತ್ತಿ ತರಬೇತಿ, ಇಂಗ್ಲಿಷ್ ಕೋರ್ಸ್, ಶಾಲೆಗಳಲ್ಲಿರುವವರು.

ಜರ್ಮನಿ ಇನ್ನೊಂದು ತುದಿ. ಡಾಡ್ ಕೊಡುವ ಮುಖ್ಯ ಅಂಕಿ, ಹೊರದೇಶದಲ್ಲಿ ಶಾಲೆ ಮುಗಿಸಿ ಜರ್ಮನಿಗೆ ಓದಲೆಂದೇ ಬಂದವರದ್ದು. ಟರ್ಕಿಯ ಪೌರತ್ವ ಇದ್ದು ಬರ್ಲಿನ್‌ನಲ್ಲೇ ಹುಟ್ಟಿ ಬೆಳೆದ ಹುಡುಗ ಅದರಲ್ಲಿ ಬರುವುದಿಲ್ಲ. ಪೌರತ್ವ ನೋಡಿ ಎಣಿಸಿದರೆ "ವಿದೇಶಿ ವಿದ್ಯಾರ್ಥಿ", ಗಡಿ ದಾಟಿ ಬಂದದ್ದನ್ನು ನೋಡಿ ಎಣಿಸಿದರೆ "ಅಂತರರಾಷ್ಟ್ರೀಯ ವಿದ್ಯಾರ್ಥಿ". ಯುನೆಸ್ಕೋ ಮತ್ತು ಒಇಸಿಡಿ ಎರಡನೆಯದನ್ನೇ ಇಷ್ಟಪಡುತ್ತವೆ. ನಮಗೂ ಅದೇ ಬೇಕು, ಯಾಕೆಂದರೆ ನಮ್ಮ ಮಕ್ಕಳು ಹೋಗುವುದು ಗಡಿ ದಾಟಿಯೇ. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಇಂಥವರು ಜರ್ಮನಿಯಲ್ಲಿ ಸುಮಾರು 3.8 ಲಕ್ಷ. ಭಾರತದವರು 49 ಸಾವಿರ ದಾಟಿದ್ದರು, ಎಲ್ಲ ದೇಶಗಳಿಗಿಂತ ಮುಂದೆ. ಅಂದರೆ ಕರಪತ್ರದ 4 ಲಕ್ಷ ಚಿಕ್ಕದಾಗಿ ಕಂಡರೂ ಬಹುಪಾಲು ಗಟ್ಟಿ ಲೆಕ್ಕ.

ಚೀನಾದ ಉದಾಹರಣೆಯನ್ನೂ ಹೇಳಿಬಿಡುತ್ತೇನೆ, ಮೆಡಿಕಲ್‌ಗೆ ಅಲ್ಲಿಗೆ ಹೋಗುವ ಯೋಚನೆ ಇರುವವರು ಇದ್ದಾರೆ. 2018ರಲ್ಲಿ ಚೀನಾ ಹೇಳಿಕೊಂಡ ವಿದೇಶಿ ವಿದ್ಯಾರ್ಥಿಗಳು 4,92,185. ಡಿಗ್ರಿಗೆ ಅಂತ ಬಂದವರು 2,58,122. ಉಳಿದವರು ಭಾಷೆ ಕಲಿಯಲು, ಅಲ್ಪಾವಧಿ ಕೋರ್ಸ್‌ಗಳಿಗೆ ಬಂದವರು. ಹತ್ತಿರ ಹತ್ತಿರ ಅರ್ಧದಷ್ಟು ವ್ಯತ್ಯಾಸ!

ಕೊನೆಯದಾಗಿ ಬ್ರಿಟನ್. ಹೆಸಾ ಎಣಿಸುವುದು ಬ್ರಿಟನ್ನಿನೊಳಗೆ ಉನ್ನತ ಶಿಕ್ಷಣಕ್ಕೆ ಸೇರಿದವರನ್ನು. 2022-23ರಲ್ಲಿ 7,58,855 ಜನ, ಭಾರತದವರು 1,73,190. ಆ ವರ್ಷ ನಾವು ಚೀನಾವನ್ನು ಹಿಂದೆ ಹಾಕಿದೆವು. ಬ್ರಿಟನ್ ಡಿಗ್ರಿಯನ್ನು ಬೇರೆ ದೇಶದಲ್ಲಿ ಕೂತು ಓದುವವರಿಗೆ ಅಲ್ಲಿ ಬೇರೆಯೇ ಪಟ್ಟಿ ಇದೆ. ಲಿವರ್‌ಪೂಲ್ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು 2025ರಲ್ಲಿ ಯುಜಿಸಿ ಒಪ್ಪಿಗೆ ಪಡೆಯಿತಲ್ಲ, ಅಂಥ ಕಡೆ ಸೇರುವ ನಮ್ಮ ಮಕ್ಕಳು "ಹೊರದೇಶಕ್ಕೆ ಹೋದವರ" ಲೆಕ್ಕಕ್ಕೆ ಸಿಗುವುದಿಲ್ಲ.

ನಾಲ್ಕನೇ ಅಂಕಣದಲ್ಲಿ ಇಷ್ಟನ್ನೂ ಚುಟುಕಾಗಿ ಬರೆದುಕೊಳ್ಳಿ. ಅಮೆರಿಕದ ಮುಂದೆ "ಓಪಿಟಿ ಸೇರಿ", ಕೆನಡಾದ ಮುಂದೆ "ಶಾಲೆ, ಕಾಲೇಜು ಸೇರಿ", ಆಸ್ಟ್ರೇಲಿಯಾದ ಮುಂದೆ "ವೃತ್ತಿ ತರಬೇತಿ ಸೇರಿ", ಹೀಗೆ.

ಹಂತ 4: ಇರುವವರೋ, ಹೊಸದಾಗಿ ಬಂದವರೋ?

ತೋಟದಲ್ಲಿ ಒಟ್ಟು ಎಷ್ಟು ತೆಂಗಿನ ಮರ ಇವೆ ಅನ್ನುವುದು ಒಂದು ಲೆಕ್ಕ. ಈ ವರ್ಷ ಎಷ್ಟು ಸಸಿ ನೆಟ್ಟಿರಿ ಅನ್ನುವುದು ಇನ್ನೊಂದು. ವಿದ್ಯಾರ್ಥಿಗಳ ವಿಷಯದಲ್ಲಿ ಇವೆರಡನ್ನೂ ಪತ್ರಿಕೆಗಳಲ್ಲೇ ಬೆರೆಸಿಬಿಡುತ್ತಾರೆ.

ನಮ್ಮ ಸರ್ಕಾರವೇ ಎರಡು ಥರದ ಅಂಕಿ ಕೊಡುತ್ತದೆ. ವಿದೇಶಾಂಗ ಇಲಾಖೆ ಸಂಸತ್ತಿಗೆ ಹೇಳಿದ ಪ್ರಕಾರ 2024ರಲ್ಲಿ ಹೊರದೇಶಗಳಲ್ಲಿ ಓದುತ್ತಿದ್ದ ಭಾರತೀಯರು 13 ಲಕ್ಷಕ್ಕೂ ಜಾಸ್ತಿ. ಇದು ಇರುವವರ ಲೆಕ್ಕ. ಗಡಿಯಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ವಲಸೆ ವಿಭಾಗದ ಪ್ರಕಾರ ಓದಿಗೆ ಅಂತ ಹೇಳಿ ದೇಶ ಬಿಟ್ಟವರು 2023ರಲ್ಲಿ ಸುಮಾರು 8.9 ಲಕ್ಷ, 2024ರಲ್ಲಿ ಸುಮಾರು 7.6 ಲಕ್ಷ. ಇದು ಹೋದವರ ಲೆಕ್ಕ. ಎರಡನ್ನೂ ಒಟ್ಟಿಗೆ ಓದಿದವರು "13 ಲಕ್ಷದಿಂದ 7 ಲಕ್ಷಕ್ಕೆ ಕುಸಿತ" ಅಂದುಕೊಂಡುಬಿಡುತ್ತಾರೆ. ನಿಜವಾದ ಇಳಿಕೆ 8.9ರಿಂದ 7.6ಕ್ಕೆ, ಸುಮಾರು ಶೇ. 15.

ನಿಮಗೆ ಹೆಚ್ಚು ಬೇಕಾದದ್ದು ಹೊಸದಾಗಿ ಸೇರಿದವರ ಲೆಕ್ಕ. ಗಾಳಿ ಯಾವ ಕಡೆ ತಿರುಗಿದೆ ಅನ್ನುವುದನ್ನು ಅದು ಬೇಗ ತೋರಿಸುತ್ತದೆ. 2025ರಲ್ಲಿ ಐಐಇ 800ಕ್ಕೂ ಹೆಚ್ಚು ಅಮೆರಿಕನ್ ಕಾಲೇಜುಗಳನ್ನು ವಿಚಾರಿಸಿದಾಗ ಒಟ್ಟು ವಿದೇಶಿ ವಿದ್ಯಾರ್ಥಿಗಳು ಶೇ. 1ರಷ್ಟು ಮಾತ್ರ ಕಡಿಮೆಯಾಗಿದ್ದರು, ಹೊಸಬರು ಶೇ. 17ರಷ್ಟು ಕಡಿಮೆಯಾಗಿದ್ದರು. ಒಟ್ಟು ಅಂಕಿ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಹೊಸಬರ ಅಂಕಿ ನೋಡಿದವರಿಗೆ ವೀಸಾ ಪರಿಸ್ಥಿತಿ ಬಿಗಿಯಾಗಿದೆ ಅಂತ ಗೊತ್ತಾಗುತ್ತದೆ.

ಹಂತ 5: ಲೆಕ್ಕದ ವರ್ಷ, ಕಾನೂನಿನ ವರ್ಷ ಎರಡನ್ನೂ ನೋಡಿ

2023ರ ಅಂಕಿ ಹಿಡಿದು ಮುಂದಿನ ವರ್ಷದ ಸೀಟು ಹುಡುಕುವುದು ಅಪಾಯ. ನಡುವೆ ಬಹಳ ಬದಲಾಗಿದೆ.

ಕೆನಡಾ 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು, 2025ಕ್ಕೆ ಅದನ್ನು ಇನ್ನಷ್ಟು ಇಳಿಸಿತು. ಜೀವನ ವೆಚ್ಚಕ್ಕೆ ಅಂತ ತೋರಿಸಬೇಕಾದ ಹಣ 10,000 ಕೆನಡಾ ಡಾಲರ್ ಇದ್ದದ್ದು 2024ರ ಜನವರಿಯಿಂದ 20,635 ಆಯಿತು, 2025ರ ಸೆಪ್ಟೆಂಬರ್‌ನಿಂದ 22,895. ಭಾರತದವರಿಗೆ ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ಯೋಜನೆಯನ್ನು 2024ರ ನವೆಂಬರ್‌ನಲ್ಲಿ ಮುಚ್ಚಿದರು. ಹಾಗಾಗಿ ಕರಪತ್ರದ "ಕೆನಡಾ 10 ಲಕ್ಷ" ಮುಗಿದುಹೋದ ಕಾಲದ ಅಂಕಿ.

ಬ್ರಿಟನ್‌ನಲ್ಲಿ 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಓದಿನ ನಂತರ ಎರಡು ವರ್ಷ ಇರಲು ಬಿಡುತ್ತಿದ್ದ ಗ್ರ್ಯಾಜುಯೇಟ್ ರೂಟ್, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ. ಪಿಎಚ್‌ಡಿಯವರಿಗೆ ಈ ಕಡಿತ ಇಲ್ಲ. ಆಸ್ಟ್ರೇಲಿಯಾ ವಿದ್ಯಾರ್ಥಿ ವೀಸಾ ಶುಲ್ಕವನ್ನು 2024ರ ಜುಲೈನಲ್ಲಿ 710ರಿಂದ 1,600 ಆಸ್ಟ್ರೇಲಿಯಾ ಡಾಲರ್‌ಗೆ, 2025ರ ಜುಲೈನಲ್ಲಿ 2,000ಕ್ಕೆ ಏರಿಸಿತು. ವೀಸಾ ಸಿಗದಿದ್ದರೂ ಈ ಹಣ ವಾಪಸ್ ಬರುವುದಿಲ್ಲ.

ಜರ್ಮನಿಗೆ ಹೋಗುವವರು 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಮಾಡಿಸಬೇಕು. ಎಪಿಎಸ್ ಅಂದರೆ ನಿಮ್ಮ ಅಂಕಪಟ್ಟಿಗಳು ಅಸಲಿಯೇ ಅಂತ ಪರೀಕ್ಷಿಸಿ ಕೊಡುವ ಕಾಗದ. ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಬಿಡುಗಡೆಯಾಗುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು ಅಂತ 2024ರ ಸೆಪ್ಟೆಂಬರ್‌ನಿಂದ ಇದೆ. ಈ ಮೊತ್ತಗಳು ಮತ್ತೆ ಏರಬಹುದು. ಅರ್ಜಿ ಹಾಕುವ ವಾರದಲ್ಲಿ ಆಯಾ ದೇಶದ ಅಧಿಕೃತ ಪುಟ ನೋಡಿ ಖಚಿತ ಮಾಡಿಕೊಳ್ಳಿ.

ಹಂತ 6: ಒಟ್ಟು ಬಿಡಿ, ಶೇಕಡಾ ತೆಗೆಯಿರಿ

ಒಂದು ದೇಶದ ಕಾಲೇಜು ಮಕ್ಕಳಲ್ಲಿ ಹೊರಗಿನವರು ನೂರಕ್ಕೆ ಎಷ್ಟು? ವಿದೇಶಿ ವಿದ್ಯಾರ್ಥಿಗಳನ್ನು ಒಟ್ಟು ವಿದ್ಯಾರ್ಥಿಗಳಿಂದ ಭಾಗಿಸಿ 100ರಿಂದ ಗುಣಿಸಿದರೆ ಆಯಿತು.

ಅಮೆರಿಕದಲ್ಲಿ ಇದು ಸುಮಾರು 6. ಓಪಿಟಿಯವರನ್ನು ತೆಗೆದರೆ 5ಕ್ಕಿಂತಲೂ ಕೆಳಗೆ. ಜರ್ಮನಿಯಲ್ಲಿ ಸುಮಾರು 13. ಬ್ರಿಟನ್‌ನಲ್ಲಿ 2022-23ರ ಲೆಕ್ಕಕ್ಕೆ ಸುಮಾರು 26. ಲಕ್ಸೆಂಬರ್ಗ್ ಅನ್ನುವ ಪುಟ್ಟ ದೇಶದಲ್ಲಿ ಹೆಚ್ಚುಕಮ್ಮಿ ಅರ್ಧ ಮಕ್ಕಳು ಹೊರಗಿನವರೇ, ಒಟ್ಟು ಸಂಖ್ಯೆ ನೋಡಿದರೆ ಅದರ ಹೆಸರೇ ಪಟ್ಟಿಯಲ್ಲಿ ಕಾಣುವುದಿಲ್ಲ. ನಮ್ಮ ದೇಶದ ಲೆಕ್ಕವನ್ನೂ ನೋಡಿ: ಕೇಂದ್ರ ಶಿಕ್ಷಣ ಇಲಾಖೆಯ 2021-22ರ ಸಮೀಕ್ಷೆಯಲ್ಲಿ 4.33 ಕೋಟಿ ವಿದ್ಯಾರ್ಥಿಗಳ ಪೈಕಿ ವಿದೇಶದವರು 46,878. ಸುಮಾರು 920 ಜನರಲ್ಲಿ ಒಬ್ಬರು. ಅವರಲ್ಲೂ ನೇಪಾಳದವರೇ ಶೇ. 28. ನಾವು 13 ಲಕ್ಷ ಜನರನ್ನು ಕಳಿಸುತ್ತೇವೆ, 47 ಸಾವಿರ ಜನರನ್ನೂ ಕರೆಸಿಕೊಳ್ಳುತ್ತಿಲ್ಲ. ನಮ್ಮ ವಿಶ್ವವಿದ್ಯಾಲಯಗಳನ್ನು ಪ್ರೀತಿಸುವವರಿಗೆ ಈ ಅಂತರ ನೋವು ಕೊಡುತ್ತದೆ.

ಶೇಕಡಾದಿಂದ ನಿಮಗೇನು ಉಪಯೋಗ ಅಂತ ಕೇಳಬಹುದು. ಶೇಕಡಾ ಜಾಸ್ತಿ ಇರುವ ಕಡೆ ಹೊರಗಿನ ಮಕ್ಕಳಿಗೆ ಹಾಸ್ಟೆಲ್, ಸಹಾಯ ಕೇಂದ್ರ, ನಮ್ಮ ಊಟದ ಸಾಮಾನಿನ ಅಂಗಡಿ ಎಲ್ಲ ಸುಲಭವಾಗಿ ಸಿಗುತ್ತವೆ. ಇನ್ನೊಂದು ಮಗ್ಗುಲೂ ಇದೆ. ಇಂಗ್ಲೆಂಡಿನಲ್ಲಿ ಅಲ್ಲಿನ ಮಕ್ಕಳ ಫೀಸಿಗೆ ಸರ್ಕಾರದ ಮಿತಿ ಇದೆ, ಹೊರಗಿನವರ ಫೀಸಿಗೆ ಇಲ್ಲ. ಹಾಗಾಗಿ ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ನಮ್ಮಂಥವರ ಫೀಸಿನ ಮೇಲೆ ನಿಂತಿವೆ. ಹೊರಗಿನವರು ಕಡಿಮೆಯಾದ ವರ್ಷ ಅವು ಸಿಬ್ಬಂದಿ ಕಡಿತ ಮಾಡುತ್ತವೆ, ಕೋರ್ಸ್‌ಗಳನ್ನೇ ನಿಲ್ಲಿಸುತ್ತವೆ. ನೀವು ಆರಿಸಿದ ಕೋರ್ಸ್ ಎರಡು ವರ್ಷದ ನಂತರವೂ ನಡೆಯುತ್ತದೆಯೇ ಅಂತ ಕೇಳುವುದು ಇಲ್ಲಿ ಅಗತ್ಯ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲದಿರುವುದರಿಂದ ಲೆಕ್ಕಾಚಾರವೇ ಬೇರೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ತೆಗೆದುಕೊಳ್ಳುತ್ತದೆ. "ಜರ್ಮನಿ ಫ್ರೀ" ಅಂತ ಸುಮ್ನೆ ನಂಬಿ ಹೊರಡಬೇಡಿ.

ಹಂತ 7: ನಮ್ಮವರು ಯಾವ ಮಟ್ಟದಲ್ಲಿ ಓದುತ್ತಿದ್ದಾರೆ?

ಒಂದು ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಬಿಡಿಸಿದರೆ ಹೀಗಿದೆ:

ಮಾಸ್ಟರ್ಸ್ ಮತ್ತು ಪಿಎಚ್‌ಡಿ: 1,96,567
ಓಪಿಟಿಯಲ್ಲಿ ಕೆಲಸದಲ್ಲಿದ್ದವರು: 97,556
ಪದವಿ, ಅಂದರೆ ನಮ್ಮ ಬಿ.ಇ., ಬಿ.ಎಸ್ಸಿ. ಮಟ್ಟ: 36,053
ಡಿಗ್ರಿ ಇಲ್ಲದ ಕೋರ್ಸ್‌ಗಳು: 1,426

ಕೂಡಿಸಿ ನೋಡಿ, ಸರಿಯಾಗಿ ತಾಳೆ ಆಗುತ್ತದೆ. ಈಗ ಹಂತ 1ರಲ್ಲಿ ಬರೆದುಕೊಂಡ ಪ್ರಶ್ನೆಗೆ ಹೋಗಿ. ಪಿಯುಸಿ ಮುಗಿಸಿದ ಮಗನನ್ನು ಅಮೆರಿಕಕ್ಕೆ ಕಳಿಸಬೇಕು ಅಂತಿದ್ದರೆ ನಿಮ್ಮ ಗುಂಪು 3.3 ಲಕ್ಷದ್ದಲ್ಲ, 36 ಸಾವಿರದ್ದು. ಹತ್ತರಲ್ಲಿ ಒಬ್ಬರಷ್ಟೇ. ಮಾಸ್ಟರ್ಸ್‌ಗೆ ಆದರೆ ನಿಮ್ಮಂಥವರು ಸುಮಾರು 2 ಲಕ್ಷ ಜನ ಅಲ್ಲಿದ್ದಾರೆ. ಪಿಯುಸಿ ನಂತರ ಹೋಗುವುದೂ ಬಿ.ಇ. ನಂತರ ಹೋಗುವುದೂ ಒಂದೇ ಅಂತ ಯಾರಾದರೂ ಹೇಳಿದರೆ ಈ ಎರಡು ಅಂಕಿ ಮುಂದಿಡಿ.

ಇದೇ ರೀತಿ ಅಮೆರಿಕ, ಜರ್ಮನಿ ಎರಡನ್ನೂ ನೋಟ್‌ಬುಕ್‌ನಲ್ಲಿ ಅಕ್ಕಪಕ್ಕ ಬರೆದು ನೋಡಿ. ಕರಪತ್ರದಲ್ಲಿ 11ಕ್ಕೆ 4 ಇತ್ತು. ಓಪಿಟಿ ತೆಗೆದ ಮೇಲೆ 8.8ಕ್ಕೆ 3.8. ಶೇಕಡಾದಲ್ಲಿ ಜರ್ಮನಿ ಎರಡು ಪಟ್ಟಿಗಿಂತ ಮುಂದೆ. ಚಿತ್ರವೇ ಬದಲಾಯಿತು, ಅಲ್ವಾ? ಇನ್ನು ಕರಪತ್ರದ ಕಂಬಗಳ ಬುಡವನ್ನೂ ಒಮ್ಮೆ ನೋಡಿ. ಕೆಲವು ಕಡೆ ಅಳತೆ ಸೊನ್ನೆಯಿಂದ ಶುರುವಾಗದೆ 3 ಲಕ್ಷದಿಂದ ಶುರುವಾಗಿರುತ್ತದೆ. ಆಗ 4 ಲಕ್ಷದ ಕಂಬ ಗಿಡ್ಡವಾಗಿ, 11 ಲಕ್ಷದ ಕಂಬ ಅದರ ಎಂಟು ಪಟ್ಟು ಎತ್ತರ ಕಾಣುತ್ತದೆ.

ಹಂತ 8: ಮೆಡಿಕಲ್‌ಗೆ ಹೋಗುವವರು ಈ ಲೆಕ್ಕ ಬದಿಗಿಡಿ

ಎಂಬಿಬಿಎಸ್‌ಗೆ ಎಷ್ಟು ಜನ ಯಾವ ದೇಶಕ್ಕೆ ಹೋದರು ಅನ್ನುವುದು ನಿಮಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನ್‌ನಲ್ಲಿ ನಮ್ಮವರು ಸುಮಾರು 18 ಸಾವಿರ ಇದ್ದರು, ಬಹುತೇಕ ಮೆಡಿಕಲ್ ಮಕ್ಕಳು. ಸಂಖ್ಯೆ ದೊಡ್ಡದಾಗಿತ್ತು, ಓದು ಅರ್ಧಕ್ಕೆ ನಿಂತಿತು.

ಇಲ್ಲಿ ನೋಡಬೇಕಾದದ್ದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ. ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಪಾಠ ಇಂಗ್ಲಿಷ್‌ನಲ್ಲಿ ನಡೆಯಬೇಕು, ನೀಟ್ ಪಾಸಾಗಿರಬೇಕು. ವಾಪಸ್ ಬಂದ ಮೇಲೆ ಎಫ್‌ಎಂಜಿಇ ಪಾಸು ಮಾಡಬೇಕು. ಇದು ಹೊರದೇಶದಲ್ಲಿ ಓದಿದ ವೈದ್ಯರಿಗೆ ಇಲ್ಲಿ ಪರವಾನಗಿ ಕೊಡುವ ಮುಂಚೆ ನಡೆಸುವ ಪರೀಕ್ಷೆ. ಇತ್ತೀಚಿನ ಹಲವು ಸುತ್ತುಗಳಲ್ಲಿ ಬರೆದವರ ಪೈಕಿ ಮೂರನೇ ಒಂದು ಭಾಗವೂ ಪಾಸಾಗಿಲ್ಲ. ನೀವು ಕೇಳಬೇಕಾದ ಅಂಕಿ ಆ ಕಾಲೇಜಿನ ಎಫ್‌ಎಂಜಿಇ ಫಲಿತಾಂಶ.

ಹಂತ 9: ದೇಶದಿಂದ ಕಾಲೇಜಿಗೆ ಇಳಿಯಿರಿ

ದೇಶದ ಲೆಕ್ಕ ದಾರಿ ತೋರಿಸುತ್ತದೆ ಅಷ್ಟೇ. ಮಗು ಹೋಗಿ ಕೂರುವುದು ಒಂದು ಕಾಲೇಜಿನ ಒಂದು ವಿಭಾಗದಲ್ಲಿ. ಆ ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಗೆ ಇಮೇಲ್ ಬರೆದು ನಾಲ್ಕು ಪ್ರಶ್ನೆ ಕೇಳಿ. ಈ ಕೋರ್ಸ್‌ನಲ್ಲಿ ಒಟ್ಟು ಎಷ್ಟು ಜನ? ಅದರಲ್ಲಿ ಭಾರತದವರು ಎಷ್ಟು? ಕಳೆದ ಬ್ಯಾಚ್‌ನಲ್ಲಿ ಸೇರಿದವರ ಪೈಕಿ ಓದು ಮುಗಿಸಿದವರು ಎಷ್ಟು? ಈಗ ಓದುತ್ತಿರುವ ಭಾರತದ ವಿದ್ಯಾರ್ಥಿ ಒಬ್ಬರ ಜೊತೆ ಮಾತಾಡಿಸಬಹುದೇ? ಒಳ್ಳೆಯ ಕಡೆಯವರು ಉತ್ತರ ಕೊಡುತ್ತಾರೆ. ಅರವತ್ತರಲ್ಲಿ ಐವತ್ತೈದು ಜನ ಭಾರತದವರೇ ಅಂತ ಗೊತ್ತಾದರೆ ಆ ಕೋರ್ಸ್ ಅಲ್ಲಿನ ಮಕ್ಕಳಿಗೆ ಯಾಕೆ ಬೇಡವಾಗಿದೆ ಅಂತ ಯೋಚನೆ ಮಾಡಿ.

ಎಚ್ಚರಿಕೆ: ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ಬಹಳಷ್ಟು ವಿದ್ಯಾಸಂಸ್ಥೆಗಳು ವಿದ್ಯಾರ್ಥಿಯನ್ನು ಸೇರಿಸಿದ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅದು ಕಾನೂನುಬದ್ಧ ವ್ಯವಹಾರವೇ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಈ ಪದ್ಧತಿ ಇಲ್ಲ. "ನಮ್ಮ ಸೇವೆ ಉಚಿತ" ಅನ್ನುವವರು ಯಾವ ದೇಶದ ಹೆಸರನ್ನು ಜಾಸ್ತಿ ಹೇಳುತ್ತಾರೆ ಅಂತ ಗಮನಿಸಿ, "ನಿಮಗೆ ಕಮಿಷನ್ ಯಾರು ಕೊಡುತ್ತಾರೆ?" ಅಂತ ಕೇಳಿಬಿಡಿ.

ಹಂತ 10: ಡೆಪಾಸಿಟ್ ಕಟ್ಟುವ ಮುಂಚೆ ಪುಟ ಮತ್ತೊಮ್ಮೆ ತೆರೆಯಿರಿ

ಅರ್ಜಿ ಹಾಕುವುದಕ್ಕೂ ಹಣ ಕಟ್ಟುವುದಕ್ಕೂ ನಡುವೆ ತಿಂಗಳುಗಳೇ ಕಳೆದಿರುತ್ತವೆ. ಅಷ್ಟರಲ್ಲಿ ನವೆಂಬರ್‌ನ ಓಪನ್ ಡೋರ್ಸ್ ಬಂದಿರಬಹುದು, ಕೆನಡಾ ಮುಂದಿನ ವರ್ಷದ ಮಿತಿ ಹೇಳಿರಬಹುದು, ಆಸ್ಟ್ರೇಲಿಯಾದ ಜುಲೈ ಶುಲ್ಕ ಬದಲಾಗಿರಬಹುದು. ಏಳೂ ಅಂಕಣಗಳನ್ನು ಇನ್ನೊಮ್ಮೆ ನೋಡಿ, ಹಳೆಯ ಅಂಕಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ದಿನಾಂಕದ ಜೊತೆ ಬರೆಯಿರಿ. ಸೀಟು ಬೇಡ ಅಂತಾದರೆ ಡೆಪಾಸಿಟ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ, ವೀಸಾ ನಿರಾಕರಿಸಿದರೆ ಎಷ್ಟು, ಯಾವ ದಿನಾಂಕದೊಳಗೆ ಕೇಳಬೇಕು, ಇವಿಷ್ಟನ್ನು ಕಾಲೇಜಿನಿಂದಲೇ ಬರಹದಲ್ಲಿ ತರಿಸಿಕೊಂಡು ಅದರ ಪ್ರಿಂಟ್ ಅದೇ ಪುಟಕ್ಕೆ ಪಿನ್ ಮಾಡಿ. ಆಮೇಲೆ ಬ್ಯಾಂಕಿಗೆ ಹೋಗಿ.